ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ: ಯಾರಿಗೆ ಯಾವ ಪದ್ಧತಿ?

ಮಗುವಿನ ಜನನ ಪತ್ರಕ್ಕೆ ಹೆಸರು ಕೊಡಬೇಕು. ಲತಾ ಅಂತ ಬರೆಯಲು ಬರೀ ‘ಟಿ’ ಸಾಕಾ, ಪಕ್ಕದಲ್ಲಿ ‘ಎಚ್’ ಕೂಡ ಬೇಕಾ? ಕುಮಟಾ ಹತ್ತಿರ ಹೋಮ್‌ಸ್ಟೇ ಶುರು ಮಾಡುವವರು ಬೋರ್ಡಿನಲ್ಲಿ ಮನೆಯ ಹೆಸರನ್ನು ಹೇಗೆ ಹಾಕಿಸಬೇಕು? ಅಜ್ಜ ಬರೆದಿಟ್ಟ ಮನೆತನದ ಕಥೆ ಇದೆ, ಆದರೆ ಹೊರದೇಶದ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಅದನ್ನು ಯಾವ ಪದ್ಧತಿಯಲ್ಲಿ ಬರೆದುಕೊಡುವುದು?

ಕಾರವಾರ, ಶಿರಸಿ, ಹೊನ್ನಾವರದ ಕಡೆಯವರು ಇಂಥ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಮೇಲ್ನೋಟಕ್ಕೆ ಮೂರೂ ಒಂದೇ ಪ್ರಶ್ನೆ. ಆದರೆ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ತೊಂದರೆ ಆಗುತ್ತದೆ. ಎಲ್ಲ ಕೆಲಸಕ್ಕೂ ಒಗ್ಗುವ ಒಂದೇ ಪದ್ಧತಿ ಇಲ್ಲ. ಅದನ್ನು ಹುಡುಕುವುದನ್ನು ಬಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಒಂದು ಸೂಚನೆ. ಈ ಬರಹದಲ್ಲಿ ಉದ್ಧರಣ ಚಿಹ್ನೆಯೊಳಗೆ ‘ಇ’, ‘ಎಲ್’, ‘ಟಿ’ ಎಂದು ಬಂದರೆ ಅದು ಇಂಗ್ಲಿಷ್ ಅಕ್ಷರದ ಹೆಸರು. ಕನ್ನಡ ಅಕ್ಷರವಾದರೆ ತಕಾರ, ಳಕಾರ ಎಂದು ಬರೆದಿದ್ದೇನೆ.

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಅಲ್ಲಿ 26. ಹಾಗಾಗಿ ಇಕ್ಕಟ್ಟು ತಪ್ಪಿದ್ದಲ್ಲ. ಈ ಇಕ್ಕಟ್ಟನ್ನು ದಾಟಲು ಇರುವ ದಾರಿ ನಾಲ್ಕೇ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಹಾಕುವುದು. ದೊಡ್ಡಕ್ಷರ ಮತ್ತು ಸಣ್ಣಕ್ಷರಕ್ಕೆ ಬೇರೆ ಬೇರೆ ಬೆಲೆ ಕೊಡುವುದು. ‘ಎಚ್’ ಸೇರಿಸಿಯೋ ಅಕ್ಷರ ಜೋಡಿ ಮಾಡಿಯೋ ನಿಭಾಯಿಸುವುದು. ಇಲ್ಲಾ, ಓದುವವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ವ್ಯತ್ಯಾಸವನ್ನೇ ಬಿಟ್ಟುಬಿಡುವುದು. ಹೆಸರಿರುವ, ಹೆಸರಿಲ್ಲದ ಎಲ್ಲ ಪದ್ಧತಿಗಳೂ ಈ ನಾಲ್ಕರಲ್ಲಿ ಒಂದೋ ಎರಡೋ ಹಿಡಿದುಕೊಂಡು ಆಗಿರುವಂಥವು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಓದುವವರು ಯಾರು? ಇದೇ ಮೊದಲ ಪ್ರಶ್ನೆ. ಕನ್ನಡ ಬಲ್ಲವರಾದರೆ ಹೇಗೆ ಬರೆದರೂ ಓದಿಕೊಳ್ಳುತ್ತಾರೆ. ಪುಣೆಯಿಂದ ಬರುವ ಪ್ರವಾಸಿಗೆ ಆ ಅನುಕೂಲ ಇಲ್ಲ. ಪಾಸ್‌ಪೋರ್ಟ್ ಕೌಂಟರಿನ ಯಂತ್ರಕ್ಕೆ ಉಚ್ಚಾರವೇ ಬೇಕಾಗಿಲ್ಲ, ಅಕ್ಷರ ಹೊಂದಿದರೆ ಸಾಕು.

ಎರಡನೆಯದು, ಬರೆದದ್ದು ಮುಂದೆ ಯಾವತ್ತಾದರೂ ವಾಪಸ್ ಕನ್ನಡಕ್ಕೆ ಬರಬೇಕಾ? ಬರಬೇಕು ಅಂತಾದರೆ ಒಂದೇ ಒಂದು ಳಕಾರ ಕಳೆದುಹೋದರೂ ನಷ್ಟವೇ. ಮೂರನೆಯದು, ಅರ್ಜಿ, ಇಮೇಲ್, ಫಾಂಟು ಇವೆಲ್ಲ ಅದನ್ನು ಒಪ್ಪಿಕೊಳ್ಳುತ್ತವಾ? ಕೊನೆಯದು, ಈಗಾಗಲೇ ಎಲ್ಲಾದರೂ ಒಂದು ಕಾಗುಣಿತ ಅಚ್ಚಾಗಿ ಕೂತಿದೆಯಾ? ಅಪ್ಪನ ಅಂಕಪಟ್ಟಿ, ಜಮೀನಿನ ಪತ್ರ, ರೈಲ್ವೆ ಸ್ಟೇಷನ್ನಿನ ಫಲಕ, ಎಲ್ಲಾದರೂ. ಇದನ್ನು ಮರೆಯುವವರೇ ಜಾಸ್ತಿ.

ದುಡ್ಡಿನ ಮಾತು ಇಲ್ಲಿ ಚಿಕ್ಕದು. ಬೇಕಾದ ಸಲಕರಣೆಗಳು ಹೆಚ್ಚಾಗಿ ಪುಕ್ಕಟೆ ಸಿಗುತ್ತವೆ. ಖರ್ಚಾಗುವುದು ಸಮಯ. ಆಮೇಲೆ, ತಪ್ಪಾದರೆ ತಿದ್ದುಪಡಿಗೆ ಅಲೆಯುವ ಖರ್ಚು.

ಪರೀಕ್ಷೆಗೆ ಎರಡು ಪದ ಇಟ್ಟುಕೊಳ್ಳೋಣ. ಒಂದು, ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ ನದಿ. ಇನ್ನೊಂದು, ಶಿರಸಿ, ಸಿದ್ದಾಪುರ ಕಡೆ ಮಡಕೆ ಬೋರಲು ಹಾಕಿ ಮಾಡುವ ತೊಡದೇವು. ಈ ಎರಡನೆಯ ಪದ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ತಕಾರ ಇದೆ, ಡಕಾರ ಇದೆ, ದಕಾರ ಇದೆ. ಮೊದಲ ಅಕ್ಷರದಲ್ಲಿ ಹ್ರಸ್ವ ಒಕಾರ, ಮೂರನೆಯದರಲ್ಲಿ ದೀರ್ಘ ಏಕಾರ. ಯಾವ ಪದ್ಧತಿ ಎಲ್ಲಿ ಎಡವುತ್ತದೆ ಎಂದು ಇದೊಂದೇ ಪದ ತೋರಿಸಿಕೊಡುತ್ತದೆ.

ದಿನಬಳಕೆಯ ಬರಹ

ವಾಟ್ಸಾಪಿನಲ್ಲಿ ನಾವು ಬರೆಯುವುದು ಇದನ್ನೇ. ನಿಯಮ ಇಲ್ಲ, ಕಲಿಯಬೇಕಾಗಿಲ್ಲ, ಯಾವ ಫೋನಿನಲ್ಲೂ ನಡೆಯುತ್ತದೆ. ‘ಕೆ-ಎ-ಎಲ್-ಐ’ ಎಂದು ಬರೆದರೆ ಕಾಳಿ. ಆದರೆ ಅದೇ ನಾಲ್ಕು ಅಕ್ಷರ ಕಲಿಯೂ ಆಗಬಹುದು, ಕಳಿಯೂ ಆಗಬಹುದು, ಖಾಲಿಯೂ ಆಗಬಹುದು. ‘ಸೇತುವೆ ದಾಟಿದೆ’ ಎಂದು ಮುಂದೆ ಇದ್ದರೆ ನದಿ ಅಂತ ಗೊತ್ತಾಗುತ್ತದೆ, ಗ್ಯಾಸ್ ಸಿಲಿಂಡರ್ ಸುದ್ದಿ ಆಗಿದ್ದರೆ ಖಾಲಿ. ಸಂದರ್ಭ ಕೈಹಿಡಿಯುತ್ತದೆ. ಸಂದರ್ಭ ಇಲ್ಲದ ಕಡೆ, ಅಂದರೆ ಹೆಸರು, ಪಟ್ಟಿ, ವಿಳಾಸಗಳಲ್ಲಿ, ಇದು ಕೈಕೊಡುತ್ತದೆ.

ದಿನಬಳಕೆಗೆ ನಿಯಮ ಇಲ್ಲ ಅಂದೆ. ಆದರೆ ರೂಢಿ ಇದೆ. ಅದೂ ಒಂದಲ್ಲ, ಎರಡು. ನಮ್ಮ ಜಿಲ್ಲೆಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕಾದ ವಿಷಯ.

ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೂ ಮುಂಬಯಿ ಜೊತೆಗೇ ಇತ್ತು. ದಕ್ಷಿಣ ಕನ್ನಡ ಮದ್ರಾಸಿನ ಕಡೆ ಉಳಿಯಿತು. ಮುಂಬಯಿ ರೂಢಿಯಲ್ಲಿ ತಕಾರಕ್ಕೂ ‘ಟಿ’, ಟಕಾರಕ್ಕೂ ‘ಟಿ’. ‘ಎಚ್’ ಸೇರಿದರೆ ಅದು ಮಹಾಪ್ರಾಣ, ಅಂದರೆ ಥಕಾರ. ಮೈಸೂರು, ಮದ್ರಾಸಿನ ರೂಢಿ ಬೇರೆ. ಅಲ್ಲಿ ತಕಾರಕ್ಕೆ ‘ಟಿ-ಎಚ್’, ಟಕಾರಕ್ಕೆ ಬರೀ ‘ಟಿ’. ಅದಕ್ಕೇ ಕಾರವಾರ, ಕುಮಟಾದ ಎಷ್ಟೋ ಕಾಮತರ ಹೆಸರಿನ ಕೊನೆಗೆ ‘ಎಚ್’ ಇರುವುದಿಲ್ಲ, ಮಂಗಳೂರಿನ ಕಾಮತರಿಗೆ ಇರುತ್ತದೆ. ಲತಾ, ಸವಿತಾ, ಗೀತಾ ಎಲ್ಲಕ್ಕೂ ಇದೇ ಕಥೆ. ಗೌಡ ಎನ್ನುವಲ್ಲಿ ನಮ್ಮ ಕಡೆ ‘ಒ-ಯು’ ಹೆಚ್ಚು ಕಾಣುತ್ತದೆ, ಮೈಸೂರು ಕಡೆ ‘ಒ-ಡಬ್ಲ್ಯು’.

ಯಾವುದು ಸರಿ ಎಂದು ಕೇಳಿದರೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕನ್ನಡದ ಮಟ್ಟಿಗೆ ದಕ್ಷಿಣದ ರೂಢಿಯೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ನಮ್ಮ ಮಾತಿನಲ್ಲಿ ತಕಾರ ಮತ್ತು ಟಕಾರದ ವ್ಯತ್ಯಾಸ ಹೆಜ್ಜೆಹೆಜ್ಜೆಗೂ ಬರುತ್ತದೆ. ಥಕಾರ ಬರುವುದು ಅಪರೂಪ. ಅಪರೂಪದ್ದನ್ನು ಬಿಟ್ಟು ದಿನಾ ಬೇಕಾದ್ದನ್ನು ಉಳಿಸಿಕೊಳ್ಳುವುದು ಒಳ್ಳೆಯ ವ್ಯಾಪಾರವೇ. ಆದರೆ ‘ಎಚ್’ ಇರುವ ಲತಾಳನ್ನು ಉತ್ತರ ಭಾರತದವರು ಲಥಾ ಎಂದೇ ಕರೆಯುತ್ತಾರೆ. ಮಗಳು ಓದಿ ಕೆಲಸಕ್ಕೆ ಪುಣೆ, ಮುಂಬಯಿ, ದೆಹಲಿ ಕಡೆ ಹೋದರೆ ಜೀವನಪೂರ್ತಿ ತಿದ್ದುತ್ತಾ ಇರಬೇಕಾಗುತ್ತದೆ. ಬೆಂಗಳೂರು, ಚೆನ್ನೈಯಲ್ಲಿ ಈ ತೊಂದರೆ ಇಲ್ಲ.

ಸರ್ಕಾರಿ ಕಾಗುಣಿತ

ಹಳೆಯ ನಕ್ಷೆ, ದಾಖಲೆ ತೆಗೆದರೆ ಹೊನ್ನಾವರ ‘ಒನೋರ್’ ಆಗಿರುತ್ತದೆ, ಭಟ್ಕಳ ‘ಬಟಿಕಾಲ’ ಆಗಿರುತ್ತದೆ, ಕಾರವಾರ ‘ಸಿ’ಯಿಂದ ಶುರುವಾಗುತ್ತದೆ. ಪೋರ್ಚುಗೀಸರು ಅವರ ಕಿವಿಗೆ ಬಿದ್ದಂತೆ ಬರೆದರು, ಇಂಗ್ಲಿಷರು ಅವರಿಗೆ ತೋಚಿದಂತೆ. ಇದಕ್ಕೊಂದು ಶಿಸ್ತು ತರಲು ಹೊರಟವರು ವಿಲಿಯಂ ವಿಲ್ಸನ್ ಹಂಟರ್. 1872ರಲ್ಲಿ ಅಂದಿನ ಭಾರತ ಸರ್ಕಾರ ಅವರ ಪದ್ಧತಿಯನ್ನು ಒಪ್ಪಿಕೊಂಡಿತು. ನಕ್ಷೆ, ಗೆಜೆಟಿಯರ್‌ಗಳ ಕಾಗುಣಿತಕ್ಕೆ ಇಂದಿಗೂ ಅದೇ ತಳಹದಿ.

ಹಂಟರ್ ಪದ್ಧತಿಯಲ್ಲಿ ದೀರ್ಘ ಆಕಾರದ ಮೇಲೆ ಗೆರೆ ಇರುತ್ತದೆ. ಚಕಾರಕ್ಕೆ ‘ಸಿ-ಎಚ್’, ಶಕಾರಕ್ಕೆ ‘ಎಸ್-ಎಚ್’. ತಕಾರ, ಟಕಾರ ಎರಡಕ್ಕೂ ‘ಟಿ’. ಆದರೆ ಬೋರ್ಡು, ಪತ್ರಗಳಲ್ಲಿ ನಾವು ಕಾಣುವುದು ಆ ಒಂದು ಗೆರೆಯನ್ನೂ ಬಿಟ್ಟ ರೂಪ. ಕಾಳಿ ನದಿಯಲ್ಲಿ ಳಕಾರ ಹೋಯಿತು, ದೀರ್ಘವೂ ಹೋಯಿತು. ತೊಡದೇವು ಓದಲು ಸುಲಭವಾಗಿ ಕಾಣುತ್ತದೆ, ಆದರೆ ಡಕಾರ ಯಾವುದು, ದಕಾರ ಯಾವುದು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಹಾಗಂತ ಇದನ್ನು ತಳ್ಳಿಹಾಕಬೇಡಿ. ಊರಿನ ಹೆಸರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಾರಣ, ಎಲ್ಲರೂ ಹುಡುಕುವುದು ಈ ರೂಪದಲ್ಲೇ. 2014ರಲ್ಲಿ ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹುಬ್ಳಿ ಹೋಗಿ ಹುಬ್ಬಳ್ಳಿ ಆಯಿತು, ಬೆಲ್ಗಾಮ್ ಹೋಗಿ ಬೆಳಗಾವಿ ಆಯಿತು. ನಮ್ಮ ಜಿಲ್ಲೆಯ ಯಾವ ಊರೂ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಶಿರಸಿಗೆ ಇವತ್ತಿಗೂ ‘ಎಸ್-ಐ-ಆರ್-ಎಸ್-ಐ’. ಅದನ್ನು ನೋಡಿ ಹೊರಗಿನವರು ‘ಸಿರ್ಸಿ’ ಅನ್ನುತ್ತಾರೆ. ಆ ಹೆಸರಿನ ಊರು ಉತ್ತರ ಪ್ರದೇಶದಲ್ಲೂ ಇದೆ. ಕೇಳಿದಾಗ ಬೇಸರ ಆಗುತ್ತದೆ, ನಿಜ. ಆದರೆ ನಿಮ್ಮ ಅಂಗಡಿಯ ವಿಳಾಸದಲ್ಲಿ ಮಾತ್ರ ನೀವು ‘ಎಚ್’ ಸೇರಿಸಿ ಸರಿಮಾಡಿದರೆ ಪಾರ್ಸೆಲ್ಲಿಗೂ ನಕ್ಷೆಗೂ ತಾಳೆ ಆಗುವುದಿಲ್ಲ. ಊರಿನ ಕಾಗುಣಿತ ಬದಲಾಗಬೇಕಾದರೆ ಎಲ್ಲ ಕಡೆ ಒಟ್ಟಿಗೇ ಬದಲಾಗಬೇಕು.

ಚುಕ್ಕಿ–ಗೆರೆಯ ಪದ್ಧತಿಗಳು

ವಿದ್ವಾಂಸರ ಪುಸ್ತಕಗಳಲ್ಲಿ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಇರುವುದನ್ನು ನೋಡಿರುತ್ತೀರಿ. ಅದರಲ್ಲಿ ಎರಡು ಮುಖ್ಯ ಪದ್ಧತಿಗಳಿವೆ. ಮೊದಲನೆಯದಕ್ಕೆ ಐಎಎಸ್‌ಟಿ ಎಂದು ಹೆಸರು. 1894ರಲ್ಲಿ ಜಿನೀವಾದಲ್ಲಿ ನಡೆದ ಪ್ರಾಚ್ಯವಿದ್ವಾಂಸರ ಸಮ್ಮೇಳನದಲ್ಲಿ ಒಪ್ಪಿದ ರೂಪದಿಂದ ಬೆಳೆದದ್ದು. ಎರಡನೆಯದು ಐಎಸ್‌ಒ 15919. ಇದು ಬಂದದ್ದು 2001ರಲ್ಲಿ. ನೋಡಲು ಅವಳಿಗಳ ಹಾಗಿವೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕನ್ನಡಕ್ಕೆ ಬಂದಾಗ ಎರಡರ ನಡುವಿನ ವ್ಯತ್ಯಾಸ ದೊಡ್ಡದು.

ಐಎಎಸ್‌ಟಿ ಹುಟ್ಟಿದ್ದು ಸಂಸ್ಕೃತಕ್ಕಾಗಿ. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಒಕಾರ ಇಲ್ಲ. ಇರುವುದು ದೀರ್ಘವೇ. ಆದ್ದರಿಂದ ‘ಇ’, ‘ಒ’ ಅಕ್ಷರಗಳ ಮೇಲೆ ಗೆರೆ ಹಾಕುವ ಅಗತ್ಯ ಅವರಿಗೆ ಬೀಳಲಿಲ್ಲ. ನಮಗೆ ಬೀಳುತ್ತದೆ. ಕೆರೆ ಬೇರೆ, ಕೇರೆ ಬೇರೆ. ಒಂದರಲ್ಲಿ ನೀರಿರುತ್ತದೆ, ಇನ್ನೊಂದು ತೋಟದಲ್ಲಿ ಹರಿದುಹೋಗುವ ಹಾವು. ಬೆಳೆ ಬೇರೆ, ಬೇಳೆ ಬೇರೆ. ಐಎಎಸ್‌ಟಿಯಲ್ಲಿ ಈ ಜೋಡಿಗಳೆಲ್ಲ ಒಂದೇ ರೂಪಕ್ಕೆ ಇಳಿದುಬಿಡುತ್ತವೆ. ಇನ್ನೊಂದು ತೊಡಕೂ ಇದೆ. ಕೆಳಗೆ ಚುಕ್ಕಿ ಇರುವ ‘ಎಲ್’ ಅನ್ನು ಅದು ಌಕಾರಕ್ಕೆ, ಅಂದರೆ ಸಂಸ್ಕೃತದ ಲೃ ಸ್ವರಕ್ಕೆ, ಕೊಟ್ಟುಬಿಟ್ಟಿದೆ. ನಮಗೆ ಆ ಅಕ್ಷರ ಬೇಕಾಗುವುದು ಳಕಾರಕ್ಕೆ.

ಐಎಸ್‌ಒ ಇವೆರಡನ್ನೂ ಬಗೆಹರಿಸಿದೆ. ಹ್ರಸ್ವಕ್ಕೆ ಬರೀ ‘ಇ’, ದೀರ್ಘಕ್ಕೆ ಗೆರೆ ಇರುವ ‘ಇ’. ಒಕಾರಕ್ಕೂ ಹಾಗೆಯೇ. ಚುಕ್ಕಿಯ ‘ಎಲ್’ ಪೂರ್ತಿಯಾಗಿ ಳಕಾರದ್ದು. ತೊಡದೇವು ಬರೆದರೆ ‘ಡಿ’ ಒಂದರ ಕೆಳಗೆ ಚುಕ್ಕಿ ಬರುತ್ತದೆ, ಇನ್ನೊಂದು ‘ಡಿ’ ಬೋಳಾಗಿರುತ್ತದೆ, ‘ಇ’ ಮೇಲೆ ಗೆರೆ ಕೂರುತ್ತದೆ. ಒಂದಕ್ಷರವೂ ಆಚೀಚೆ ಆಗದೆ ವಾಪಸ್ ಕನ್ನಡಕ್ಕೆ ಬರುತ್ತದೆ. ಬನವಾಸಿ ಕಡೆಯ ಶಾಸನ ಓದುವವರಿಗೆ ಬೇಕಾದ ಹಳಗನ್ನಡದ ೞ, ಱ ಅಕ್ಷರಗಳಿಗೂ ಇದರಲ್ಲಿ ಜಾಗ ಇದೆ. ಇವಕ್ಕೆ ಚುಕ್ಕಿಯ ಬದಲು ಕೆಳಗೆ ಗೆರೆ.

ಐಎಸ್‌ಒದಲ್ಲಿ ಋಕಾರಕ್ಕೆ ‘ಆರ್’ ಕೆಳಗೆ ಒಂದು ಪುಟ್ಟ ಉಂಗುರ ಹಾಕುತ್ತಾರೆ. ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ, ಈ ಉಂಗುರದ ‘ಆರ್’ಗೆ ಒಂದೇ ಸಂಕೇತ ಇಲ್ಲ. ‘ಆರ್’ ಬೇರೆ, ಉಂಗುರ ಬೇರೆ, ಎರಡನ್ನು ಜೋಡಿಸಬೇಕು. ಹಾಗಾಗಿ ಕೆಲವು ಫಾಂಟುಗಳಲ್ಲಿ ಉಂಗುರ ಪಕ್ಕಕ್ಕೆ ಸರಿಯುತ್ತದೆ, ಕೆಲವದರಲ್ಲಿ ಖಾಲಿ ಚೌಕ ಕಾಣುತ್ತದೆ. ಪುಸ್ತಕ ಅಚ್ಚಿಗೆ ಕೊಡುವ ಮೊದಲು ಕೃಷ್ಣ, ಅಮೃತ, ಗೃಹ ಈ ಮೂರು ಪದಗಳನ್ನು ಅದೇ ಫಾಂಟಿನಲ್ಲಿ ಒಂದು ಹಾಳೆ ಮುದ್ರಿಸಿ ನೋಡಿ. ಜೆಂಟಿಯಂ, ನೋಟೋ ಸೆರಿಫ್ ಎರಡೂ ಪುಕ್ಕಟೆ ಸಿಗುವ ಫಾಂಟುಗಳು, ಚುಕ್ಕಿ–ಗೆರೆಗಳ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ.

ಅಮೆರಿಕದ ಗ್ರಂಥಾಲಯಗಳ ಪಟ್ಟಿಯಲ್ಲಿ ಕನ್ನಡ ಪುಸ್ತಕ ಹುಡುಕುವವರಿಗೆ ಒಂದು ಮಾತು. ಅಲ್ಲಿ ನಡೆಯುವುದು ಎಎಲ್‌ಎ–ಎಲ್‌ಸಿ ಎಂಬ ಇನ್ನೊಂದು ಪಟ್ಟಿ. ದೀರ್ಘಕ್ಕೆ ಗೆರೆ ಇದೆ, ಋಕಾರಕ್ಕೆ ಉಂಗುರವೂ ಇದೆ. ಉಳಿದದ್ದು ಹೆಚ್ಚುಕಡಿಮೆ ಐಎಸ್‌ಒ ಹಾಗೆಯೇ.

ಚುಕ್ಕಿ–ಗೆರೆಯ ದೊಡ್ಡ ಮಿತಿ ಏನೆಂದರೆ, ಕಲಿಯದವರಿಗೆ ಅದು ಸಹಾಯ ಮಾಡುವುದಿಲ್ಲ. ಚಕಾರಕ್ಕೆ ಬರೀ ‘ಸಿ’ ಬರೆಯುತ್ತಾರೆ. ಗೊತ್ತಿಲ್ಲದವರು ಅದನ್ನು ಕಕಾರ ಎಂದು ಓದುತ್ತಾರೆ. ಹೋಮ್‌ಸ್ಟೇ ಬೋರ್ಡಿಗೆ ಇದನ್ನು ಹಾಕಬೇಡಿ ಎನ್ನುವುದು ಇದಕ್ಕೇ.

ದೊಡ್ಡಕ್ಷರ–ಸಣ್ಣಕ್ಷರದ ಪದ್ಧತಿಗಳು

ಬರಹ ತಂತ್ರಾಂಶ ಬಳಸಿ ಟೈಪಿಂಗ್ ಕಲಿತ ತಲೆಮಾರಿಗೆ ಇದು ಕೈಗೆ ಒಗ್ಗಿದ ಪದ್ಧತಿ. 1998ರಲ್ಲಿ ಶೇಷಾದ್ರಿವಾಸು ಅವರು ಅದನ್ನು ಹೊರತಂದಾಗ ಸಾಮಾನ್ಯ ಕೀಬೋರ್ಡಿನಲ್ಲೇ ಪೂರ್ತಿ ಕನ್ನಡ ಬರೆಯಬಹುದು ಎನ್ನುವುದೇ ದೊಡ್ಡ ಸಂಗತಿ. ದೊಡ್ಡ ‘ಎಲ್’ ಅಂದರೆ ಳಕಾರ, ದೊಡ್ಡ ‘ಡಿ’ ಅಂದರೆ ಡಕಾರ, ದೊಡ್ಡ ‘ಇ’ ಅಂದರೆ ದೀರ್ಘ ಏಕಾರ. ಕಾಳಿಯೂ ತೊಡದೇವೂ ಸ್ವಲ್ಪವೂ ಕೆಡದೆ ಕೂರುತ್ತವೆ. ಹ್ರಸ್ವ ದೀರ್ಘ ಎರಡೂ ಇರುವುದರಿಂದ ಕನ್ನಡಕ್ಕೆ ಇದು ಐಎಸ್‌ಒ ಮಟ್ಟದ್ದೇ, ಬೇಕಾದಾಗ ವಾಪಸ್ ತರಬಹುದು. 1991ರಲ್ಲಿ ಅವಿನಾಶ್ ಚೋಪ್ಡೆ ಅವರು ರೂಪಿಸಿದ ಐಟ್ರಾನ್ಸ್ ಕೂಡ ಇದೇ ಜಾತಿಯದು. ಶಕಾರಕ್ಕೆ ‘ಜೆಡ್’ ಬರೆಯುವ ಹಾರ್ವರ್ಡ್–ಕ್ಯೋಟೋ ಪದ್ಧತಿಯೂ ಇದೆ. ಅದು ಸಂಸ್ಕೃತದವರ ಅನುಕೂಲಕ್ಕೆ ಇರುವುದು, ನಮಗೆ ಬೇಡ.

ಆದರೆ ಇದು ಟೈಪ್ ಮಾಡಲು ಇರುವ ಪದ್ಧತಿ, ಓದಲು ಇರುವುದಲ್ಲ. ಪದದ ನಡುವೆ ಎದ್ದುನಿಂತ ದೊಡ್ಡಕ್ಷರಗಳನ್ನು ಪುಟಗಟ್ಟಲೆ ಓದುವುದು ಕಣ್ಣಿಗೆ ಶ್ರಮ. ಫೋನು ವಾಕ್ಯದ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡುತ್ತದೆ. ಆಗ ತಮ್ಮ ಹೋಗಿ ಟಮ್ಮ ಆಗುತ್ತಾನೆ, ನನ್ನ ಎನ್ನುವುದು ಣನ್ನ ಆಗುತ್ತದೆ. ವೆಬ್‌ಸೈಟ್ ವಿಳಾಸದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ ಲೆಕ್ಕ. ಹಾಗಾಗಿ ಅಲ್ಲಿ ಇದರ ಲಾಭ ಪೂರ್ತಿ ಸೊನ್ನೆ.

ಅಕ್ಷರ ಹಿಡಿಯಬೇಕೋ, ಉಚ್ಚಾರ ಹಿಡಿಯಬೇಕೋ

ಕನ್ನಡದವರಿಗೆ ಈ ಪ್ರಶ್ನೆಯ ಬಿಸಿ ಅಷ್ಟು ತಟ್ಟುವುದಿಲ್ಲ. ನಾವು ಬರೆಯುವುದು ಹೆಚ್ಚುಕಡಿಮೆ ಮಾತಾಡಿದಂತೆಯೇ. ಇದರ ಪೂರ್ತಿ ತೂಕ ತಿಳಿಯಬೇಕಾದರೆ ಶಿರಸಿಯಿಂದ ಮುಂಡಗೋಡಿಗೆ ಹೋಗಬೇಕು. ಅಲ್ಲಿಯ ಟಿಬೆಟನ್ ನೆಲೆ 1966ರದ್ದು. ಅಲ್ಲಿರುವ ಡ್ರೆಪುಂಗ್ ಮಠದ ಹೆಸರನ್ನು ಟಿಬೆಟನ್ ಲಿಪಿಯಿಂದ ಅಕ್ಷರಕ್ಕೆ ಅಕ್ಷರ ಇಳಿಸಿದರೆ ಮೊದಲು ಒಂದು ಅಪಾಸ್ಟ್ರಫಿ ಗುರುತು, ಅದರ ಬೆನ್ನಿಗೆ ‘ಬಿ-ಆರ್-ಎ-ಎಸ್’, ಆಮೇಲೆ ‘ಎಸ್-ಪಿ-ಯು-ಎನ್-ಜಿ-ಎಸ್’ ಬರುತ್ತದೆ. ಟರೆಲ್ ವೈಲಿ 1959ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಗ್ರಂಥ ಹುಡುಕುವವರಿಗೆ ಅದೇ ಬೇಕು, ಏಕೆಂದರೆ ಮೂಲದ ಒಂದೊಂದು ಅಕ್ಷರವೂ ಅದರಲ್ಲಿ ಇದೆ. ಆದರೆ ಅದನ್ನು ನೋಡಿ ಯಾರೂ ಡ್ರೆಪುಂಗ್ ಎಂದು ಓದಲಾರರು. ಬಸ್ಸಿಳಿದು ದಾರಿ ಕೇಳುವವರಿಗೆ ಬೋರ್ಡಿನ ಮೇಲಿನ ಉಚ್ಚಾರದ ರೂಪವೇ ಬೇಕು. ಎರಡೂ ಸರಿ. ಓದುವವರು ಬೇರೆ, ಅಷ್ಟೆ.

ಕಾಳಿ ಸೇತುವೆ ದಾಟಿ ಗೋವಾ ಗಡಿಯ ಕಡೆ ಹೋದರೆ ಇನ್ನೊಂದು ಲೋಕ. ಗೋವಾದಲ್ಲಿ ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಹಳೆಯ ಪರಂಪರೆಯೇ ಇದೆ. ಅಲ್ಲಿ ‘ಎಕ್ಸ್’ ಕಂಡರೆ ಶಕಾರ. ಪಕ್ಕದ ಕಾಣಕೋಣ ತಾಲ್ಲೂಕಿನ ಹೆಸರು ‘ಸಿ’ಯಿಂದ ಶುರುವಾಗುತ್ತದೆ. ಅಲ್ಲಿಯ ನೆಂಟರಿಗೆ ಮದುವೆ ಕರೆಯೋಲೆ ಕಳಿಸುವ ಕಾರವಾರದವರು ಅವರ ಹೆಸರನ್ನು ತಮ್ಮ ರೂಢಿಗೆ ತಿದ್ದಲು ಹೋಗಬಾರದು. ಅದು ತಪ್ಪು ಕಾಗುಣಿತ ಅಲ್ಲ, ಬೇರೆ ಪದ್ಧತಿ. ಭಟ್ಕಳದ ನವಾಯತರ ಮಾತಿಗೆ ಅರಬ್ಬಿ–ಪಾರ್ಸಿ ಮೂಲದ ಲಿಪಿ ಇದೆ. ಅವರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ‘ಕೆ’ ಬೇಕೋ ‘ಕ್ಯೂ’ ಬೇಕೋ ಎಂದು ಕನ್ನಡ ರೂಪ ನೋಡಿ ಊಹಿಸಬೇಡಿ, ಮನೆಯವರನ್ನೇ ಕೇಳಿ.

ಮಗುವಿನ ಹೆಸರಿಗೆ

ಇಲ್ಲಿ ನಿಧಾನಿಸಬೇಕು, ಏಕೆಂದರೆ ತಪ್ಪಿದರೆ ಕಾಟ ಕೊಡುವುದು ಇದೇ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಜಾಗದ ದಾಖಲೆ ಜನನ ಪತ್ರವೇ. ಅಲ್ಲಿ ಬರೆಸಿದ ಕಾಗುಣಿತ ಎಲ್ಲ ಕಡೆ ಹಿಂಬಾಲಿಸುತ್ತದೆ. ಅವಸರ ಬೇಡ. ಹೆಸರಿಲ್ಲದೆ ಜನನ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೆಯೂ ಶುಲ್ಕ ಕಟ್ಟಿ ಸೇರಿಸಲು 15 ವರ್ಷದವರೆಗೆ ಅವಕಾಶ ಇದೆ.

ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲಿ 44 ಜಾಗ. ಅಲ್ಲಿ 26 ದೊಡ್ಡಕ್ಷರ, ಅಂಕಿ ಮತ್ತು ಖಾಲಿ ತುಂಬುವ ಒಂದು ಗುರುತು ಬಿಟ್ಟು ಇನ್ನೇನೂ ನಡೆಯುವುದಿಲ್ಲ. ಚುಕ್ಕಿ ಇಲ್ಲ, ಗೆರೆ ಇಲ್ಲ, ಸಣ್ಣಕ್ಷರವೂ ಇಲ್ಲ. ಅಂದರೆ ಮೇಲೆ ಹೇಳಿದ ಎರಡು ನಿಖರ ಪದ್ಧತಿಗಳೂ ಇಲ್ಲಿ ಮೊದಲೇ ಬಿದ್ದುಹೋದವು. ಉಳಿಯುವುದು ದಿನಬಳಕೆಯ ರೂಪ ಮಾತ್ರ.

ಅಡ್ಡಹೆಸರಿನ ವಿಷಯಕ್ಕೆ ಬಂದರೆ, ಅಪ್ಪ ಅಮ್ಮನ ದಾಖಲೆಯಲ್ಲಿ ಏನಿದೆಯೋ ಅದನ್ನೇ ಅಕ್ಷರಶಃ ಉಳಿಸಿಕೊಳ್ಳಿ. ಚೆನ್ನಾಗಿಲ್ಲ ಅನಿಸಿದರೂ ಸರಿ. ನಮ್ಮ ಕಡೆ ನಾಯ್ಕ ಬೇರೆ, ನಾಯಕ ಬೇರೆ. ಇಂಗ್ಲಿಷಿನಲ್ಲಿ ‘ಐ’ ಜಾಗಕ್ಕೆ ‘ವೈ-ಎ’ ಬಂದರೆ ಅದು ಬೇರೊಂದು ಮನೆತನದ ಹೆಸರೇ ಆಗುತ್ತದೆ. ಶಿರಸಿ ಕಡೆಯ ಹೆಗಡೆ, ಉಡುಪಿ ಕಡೆಯ ಹೆಗ್ಡೆ ಇಬ್ಬರೂ ಬರೆಯುವುದು ‘ಎಚ್-ಇ-ಜಿ-ಡಿ-ಇ’. ಇದರಿಂದ ಇಂಗ್ಲಿಷಿನಲ್ಲಿ ತೊಂದರೆ ಇಲ್ಲ. ಆದರೆ ಆಧಾರಿನಲ್ಲಿ ಕನ್ನಡವೂ ಇರುತ್ತದೆ. ಇಂಗ್ಲಿಷ್ ರೂಪದಿಂದ ಕಂಪ್ಯೂಟರ್ ಕನ್ನಡ ತಯಾರಿಸಿದರೆ ಹೆಗಡೆ ಹೋಗಿ ಹೆಗ್ಡೆ ಆಗಬಹುದು. ‘ಟಿ’ ಕಂಡರೆ ಅದಕ್ಕೆ ತಕಾರವೋ ಟಕಾರವೋ ತಿಳಿಯುವುದಿಲ್ಲ. ಪರದೆಯ ಮೇಲೆ ಕನ್ನಡದ ಸಾಲನ್ನೂ ಬೆರಳಿಟ್ಟು ಓದಿ, ಆಮೇಲೆ ಒಪ್ಪಿಗೆ ಕೊಡಿ.

ಮಗುವಿನ ಸ್ವಂತ ಹೆಸರಿಗೆ ನನ್ನ ಸಲಹೆ: ಕಡಿಮೆ ಅಕ್ಷರದ ರೂಪ ಆರಿಸಿ. ಫೋನಿನಲ್ಲಿ ಸ್ಪೆಲಿಂಗ್ ಹೇಳುವಾಗ ಒಂದೇ ಉಸಿರಿಗೆ ಮುಗಿಯಬೇಕು. ಮನೆಯಲ್ಲಿ ಮೊದಲಿಂದ ‘ಎಚ್’ ಇಲ್ಲದ ರೂಢಿ ಇದ್ದರೆ ಅದನ್ನೇ ಮುಂದುವರಿಸಿ. ಅಕ್ಕ ಸವಿತಾಳಿಗೆ ‘ಎಚ್’ ಇಲ್ಲ, ತಂಗಿ ಲತಾಳಿಗೆ ಇದೆ ಅಂತಾಗುವುದು ಬೇಡ. ಸಂಖ್ಯಾಶಾಸ್ತ್ರ ನೋಡಿ ಅಕ್ಷರ ಸೇರಿಸುವವರು ಜನನ ಪತ್ರದಲ್ಲೇ ಸೇರಿಸಿಬಿಡಿ. ಮಗು ಹತ್ತನೇ ಕ್ಲಾಸಿಗೆ ಬಂದ ಮೇಲೆ ಬದಲಾಯಿಸಲು ಹೊರಟರೆ ಪ್ರತಿಯೊಂದು ಕಾಗದವನ್ನೂ ತಿದ್ದಿಸಬೇಕಾಗುತ್ತದೆ.

ಬೋರ್ಡು, ಲೇಬಲ್, ವೆಬ್ ವಿಳಾಸ

2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಇದು ನಮ್ಮ ಕೆಲಸವನ್ನು ಸುಲಭ ಮಾಡುತ್ತದೆ. ಸರಿಯಾದ ಹೆಸರನ್ನು ಹೇಳುವ ಹೊಣೆ ದೊಡ್ಡದಾಗಿ ಬರೆದ ಕನ್ನಡದ ಮೇಲಿದೆ. ಕೆಳಗಿನ ಇಂಗ್ಲಿಷ್ ರೂಪ ಹೊರಗಿನವರು ಓದಿ, ನೆನಪಿಟ್ಟು, ಹುಡುಕುವ ಹಾಗಿದ್ದರೆ ಸಾಕು. ಊರಿನ ಹೆಸರು ನಕ್ಷೆಯಲ್ಲಿ ಇರುವಂತೆಯೇ ಇರಲಿ. ಮನೆಯ ಹೆಸರಿನಲ್ಲಿ ದೀರ್ಘ ಇದ್ದರೆ ‘ಎ’ ಎರಡು ಹಾಕುವುದಕ್ಕಿಂತ ಒಂದೇ ಇಡಿ. ಹುಡುಕುವವರು ಎರಡನೆಯದನ್ನು ಬಿಡುವುದೇ ಹೆಚ್ಚು.

ತಿಂಡಿ ಮಾರುವವರ ಲೇಬಲ್ ಸ್ವಲ್ಪ ಬೇರೆ. ತೊಡದೇವು ಕೊಳ್ಳುವವರಲ್ಲಿ ಅರ್ಧ ಜನಕ್ಕೆ ಆ ಹೆಸರು ಹೊಸದು. ಅವರು ಲೇಬಲ್ ಓದಿಯೇ ಕರೆಯಲು ಕಲಿಯುತ್ತಾರೆ. ಬೆಂಗಳೂರಿಗೆ ಹೋಗುವ ಮಾಲಾದರೆ ಮೊದಲ ಅಕ್ಷರಕ್ಕೆ ‘ಟಿ-ಎಚ್’ ಹಾಕಿ, ಸರಿಯಾಗಿ ಓದುತ್ತಾರೆ. ಮುಂಬಯಿಗಾದರೆ ಬರೀ ‘ಟಿ’. ಎರಡು ಲೇಬಲ್ ಅಚ್ಚು ಹಾಕಿಸುವ ಶಕ್ತಿ ಇಲ್ಲದಿದ್ದರೆ ಜಾಸ್ತಿ ಮಾಲು ಎಲ್ಲಿಗೆ ಹೋಗುತ್ತದೋ ಆ ಕಡೆಯದನ್ನು ಹಿಡಿದು, ಅದನ್ನೇ ಇನ್‌ಸ್ಟಾಗ್ರಾಂ ಪುಟಕ್ಕೂ ಬಿಲ್ಲಿಗೂ ಬಳಸಿ.

ಮನೆತನದ ಕಥೆಗೆ

ಇಲ್ಲಿ ಮಾತ್ರ ನಾನು ಚುಕ್ಕಿ–ಗೆರೆಯ ಪಕ್ಷ. ಮೊಮ್ಮಗಳು ಹತ್ತು ನಿಮಿಷ ಕೂತರೆ ಕಲಿಯುವಷ್ಟೇ ಇದೆ ಐಎಸ್‌ಒ ಪಟ್ಟಿ. ಮೊದಲ ಪುಟದಲ್ಲಿ ಆ ಪಟ್ಟಿ ಕೊಡಿ, ಪ್ರತಿ ಅಕ್ಷರದ ಮುಂದೆ ಮನೆಯಲ್ಲಿ ಅವಳು ಕೇಳಿರುವ ಒಂದು ಪದ ಇಡಿ. ತಂಬುಳಿ, ಅಪ್ಪೆಹುಳಿ ಅಂದರೆ ಳಕಾರ ಅವಳ ಕಿವಿಯಲ್ಲಿ ಮೊದಲೇ ಇರುತ್ತದೆ. ಜನರ ಹೆಸರನ್ನು ಎರಡು ರೂಪದಲ್ಲಿ ಕೊಡಿ: ಮೊದಲ ಸಲ ಬಂದಾಗ ಐಎಸ್‌ಒ ರೂಪ, ಪಕ್ಕದಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ರೂಪ. ಇಲ್ಲದಿದ್ದರೆ ಮುಂದೆ ಯಾರಾದರೂ ದಾಖಲೆ ಹುಡುಕಲು ಹೊರಟಾಗ ಒಬ್ಬರೇ ಇಬ್ಬರಾಗುತ್ತಾರೆ.

ಇನ್ನು ಹಿರಿಯರು ಮಾತಾಡುವ ಹವಿಗನ್ನಡ ಅಥವಾ ಹಾಲಕ್ಕಿ ಮಾತನ್ನು ಧ್ವನಿ ಸಮೇತ ಹಿಡಿಯುವ ಆಸೆ ಇದ್ದರೆ ಐಎಸ್‌ಒ ಸಾಲದು. ಕನ್ನಡ ಲಿಪಿಯೇ ತೋರಿಸದ ಸ್ವರಗಳು ಅಲ್ಲಿವೆ. ಅದಕ್ಕೆ ಭಾಷಾಶಾಸ್ತ್ರದವರು ಬಳಸುವ ಅಂತರರಾಷ್ಟ್ರೀಯ ಧ್ವನಿಲಿಪಿ ಬೇಕು, ಕಲಿಯಲು ತಿಂಗಳುಗಳೇ ಬೇಕಾಗುತ್ತವೆ. ಅಷ್ಟು ಸಮಯ ಇಲ್ಲದವರು ಫೋನಿನಲ್ಲಿ ಮಾತನ್ನು ಮುದ್ರಿಸಿಟ್ಟುಕೊಳ್ಳಿ, ಬರಹಕ್ಕೆ ಐಎಸ್‌ಒ ಸಾಕು.

ಕೈಯಿಂದ ಪೂರ್ತಿ ಬರೆಯುವ ಕಷ್ಟ ಬೇಡ. ಕನ್ನಡ ಪಠ್ಯ ಯುನಿಕೋಡಿನಲ್ಲಿದ್ದರೆ ಅಕ್ಷರಮುಖ ಎಂಬ ಪುಕ್ಕಟೆ ಸಲಕರಣೆ ಅದನ್ನು ನೋಡನೋಡುತ್ತಲೇ ಐಎಸ್‌ಒ ರೂಪಕ್ಕೆ ತಿರುಗಿಸುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತವಾದರೆ ಮೊದಲು ಯುನಿಕೋಡಿಗೆ ತರಬೇಕು. ಎಲ್ಲವನ್ನೂ ತಿರುಗಿಸುವ ಮೊದಲು ಒಂದೇ ಒಂದು ಪುಟ ಆರಿಸಿ. ಹೆಸರುಗಳು, ಊರುಗಳು ಜಾಸ್ತಿ ಇರುವ ಪುಟ ಇರಲಿ. ಅದನ್ನು ಐಎಸ್‌ಒಗೆ ತಿರುಗಿಸಿ, ಬಂದದ್ದನ್ನು ಮತ್ತೆ ಕನ್ನಡಕ್ಕೆ ತನ್ನಿ, ಮೂಲದ ಪಕ್ಕ ಇಟ್ಟು ಸಾಲು ಸಾಲು ನೋಡಿ. ವ್ಯತ್ಯಾಸ ಬಂದರೆ ಅದು ಹೆಚ್ಚಾಗಿ ಸೊನ್ನೆಯಲ್ಲಿ ಬರುತ್ತದೆ. ಅಂಕೋಲಾದ ಸೊನ್ನೆಯನ್ನು ಐಎಸ್‌ಒದಲ್ಲಿ ಎರಡು ರೀತಿ ಬರೆಯಲು ಅವಕಾಶ ಇದೆ: ಚುಕ್ಕಿ ಇರುವ ‘ಎಂ’ ಆಗಿ, ಇಲ್ಲವೇ ಮುಂದಿನ ಅಕ್ಷರಕ್ಕೆ ಹೊಂದುವ ಅನುನಾಸಿಕವಾಗಿ. ಚುಕ್ಕಿಯ ‘ಎಂ’ ಆರಿಸಿಕೊಂಡರೆ ಸೊನ್ನೆ ಸೊನ್ನೆಯಾಗಿಯೇ ವಾಪಸ್ ಬರುತ್ತದೆ.